ಮುಖ ತಿರುಗಿಸದೆ ಹೇಳಿದ ಮಾತು

ನನ್ನ ದನಿ ಯಾವ ದಿನ ಹೋಯಿತೆಂದು ನನಗೆ ಗೊತ್ತಿಲ್ಲ. ಗೊತ್ತಾಗುವ ಹಾಗೂ ಇರಲಿಲ್ಲ. ಬನಹಟ್ಟಿಯ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ನಲವತ್ತು ವರ್ಷ ಜಾಬರ್ ಆಗಿ, ಅಂದರೆ ಕೆಟ್ಟುನಿಂತ ಮಗ್ಗಗಳನ್ನು ರಿಪೇರಿ ಮಾಡುವವನಾಗಿ ದುಡಿದವನು ನಾನು. ಇಪ್ಪತ್ತನಾಲ್ಕು ಮಗ್ಗಗಳು ಒಟ್ಟಿಗೆ ಹೊಡೆದುಕೊಳ್ಳುವ ಜಾಗದಲ್ಲಿ ಯಾರೂ ದನಿ ತೆಗೆದು ಮಾತಾಡುವುದಿಲ್ಲ. ತುಟಿ ಅಲ್ಲಾಡಿಸುತ್ತೇವೆ, ಎದುರಿನವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಚಹಾ ಬಂತೆ, ಎಳೆ ಹರಿಯಿತೆ, ಮಗಳಿಗೆ ವರ ಗೊತ್ತಾಯಿತೆ, ಎಲ್ಲವೂ ತುಟಿಯಲ್ಲೇ. ಹೊಸದಾಗಿ ಬಂದವರು ಆರು ತಿಂಗಳಲ್ಲಿ ಕಲಿತುಬಿಡುತ್ತಾರೆ. ಹೀಗಾಗಿ ನನ್ನ ಗಂಟಲಿನಿಂದ ದನಿ ದಿನಕ್ಕಿಷ್ಟಿಷ್ಟೇ ಇಳಿದುಹೋಗುತ್ತಿದ್ದಾಗ ಶೆಡ್ಡಿನಲ್ಲಿ ಯಾರಿಗೂ ಅದರ ಸುಳಿವು ಸಿಗಲಿಲ್ಲ, ನನಗೂ ಸಿಗಲಿಲ್ಲ. ಹೆಂಡತಿ ಕಮಲವ್ವ ತೀರಿಕೊಂಡು ಆರು ವರ್ಷವಾಗಿತ್ತು. ಮಗಳು ಗೀತಾ ಮುಧೋಳದಲ್ಲಿ ಗಂಡನ ಮನೆಯಲ್ಲಿದ್ದಾಳೆ. ಅವಳು ಫೋನಿನಲ್ಲಿ ಕೇಳಿದಾಗಲೆಲ್ಲ ನೆಗಡಿ ಎಂದು ಹೇಳುತ್ತಿದ್ದೆ. ನಾಲ್ಕು ತಿಂಗಳ ನೆಗಡಿ.

ಈಗ ನನಗೆ ದನಿ ಇಲ್ಲ. ಇನ್ನು ಬರುವುದೂ ಇಲ್ಲ. ಆದರೂ ಇಷ್ಟು ಸಂತೋಷವಾಗಿ ನಾನು ಯಾವತ್ತೂ ಇದ್ದಿಲ್ಲ ಎಂದು ಹೇಳಲಿಕ್ಕೇ ಈ ಬರಹಕ್ಕೆ ಕುಳಿತಿದ್ದೇನೆ. ಹತ್ತನೇ ಇಯತ್ತೆ ಓದಿದವನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ಹಾಗೆ ಕೊರಳಿಗೆ ಬಟ್ಟೆ ಕಟ್ಟಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತವರು ಯಾರಾದರೂ ಇದನ್ನು ಓದಿದರೆ ಅವರಿಗೆ ಸ್ವಲ್ಪ ಧೈರ್ಯ ಬರಲಿ. ನಡುವೆ ಒಂದು ತಪ್ಪೊಪ್ಪಿಗೆಯೂ ಇದೆ. ಅದನ್ನು ಬಿಟ್ಟು ಬರೆದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ನನಗೆ ಏನೋ ಆಗಿದೆ ಎಂದು ಮೊದಲು ಗುರುತಿಸಿದವಳು ಸಾವಂತ್ರೆವ್ವ. ನಮ್ಮ ಶೆಡ್ಡಿನ ಮೂಲೆಯಲ್ಲಿ ಕೂತು ಕಂಡಿಕೆ ಸುತ್ತುವವಳು. ಲಾಳಿಯ ಹೊಟ್ಟೆಯಲ್ಲಿ ಕೂರುವ ನೂಲಿನ ಸಣ್ಣ ಸುರುಳಿಗೆ ಕಂಡಿಕೆ ಎನ್ನುತ್ತೇವೆ. ಅದು ತಪ್ಪಿದರೆ ಮಗ್ಗ ನಿಂತಂತೆಯೇ. ಇಪ್ಪತ್ತೈದರೊಳಗೆ ಗಂಡನನ್ನು ಕಳೆದುಕೊಂಡು ಬನಹಟ್ಟಿಯ ಅಣ್ಣನ ಮನೆಗೆ ಬಂದು ಸೇರಿದವಳು, ಅಂದಿನಿಂದ ಅದೇ ಮೂಲೆ. ಒಂದು ದಿನ ಚಹಾದ ಹೊತ್ತಿನಲ್ಲಿ ಎದುರಿಗೆ ನಿಂತು ತುಟಿಯಲ್ಲಿ, "ಜಾಬರ್ರ, ಚಾ ನುಂಗುವಾಗ ಕಣ್ಣು ಮುಚ್ಚತೀರಿ. ಎಂಟು ದಿನಾತು ನೋಡಾಕತ್ತೇನಿ" ಎಂದಳು. ನಾನು ನಕ್ಕು ಬೀಡಿ ಹಚ್ಚಿದೆ. ಅವಳು ನಗಲಿಲ್ಲ. ಆ ಸಂಜೆಯೇ ಗೀತಾಳಿಗೆ ಫೋನು ಹೋಯಿತು.

ಜಮಖಂಡಿಯ ಗಂಟಲಿನ ಡಾಕ್ಟರ ದವಾಖಾನೆಯಲ್ಲಿ ಮೂರು ತಾಸು ಕಾದೆವು. ಅಲ್ಲಿದ್ದವರೆಲ್ಲ ಕೆಮ್ಮುತ್ತಿದ್ದರು; ನಾನೊಬ್ಬನೇ ಸುಮ್ಮನಿದ್ದೆ, ಹಾಗಾಗಿ ಅಲ್ಲಿ ಎಲ್ಲರಿಗಿಂತ ಗಟ್ಟಿಮುಟ್ಟಾಗಿ ಇರುವವನು ನಾನೇ ಎಂದುಕೊಂಡೆ. ಡಾಕ್ಟರು ಸಣ್ಣ ಕನ್ನಡಿಯನ್ನು ಗಂಟಲಿಗೆ ಇಳಿಸಿ ನೋಡಿದರು. ಆಮೇಲೆ ಕೈ ತೊಳೆದುಕೊಂಡು, ನನ್ನನ್ನು ಬಿಟ್ಟು ಗೀತಾಳ ಕಡೆ ಮುಖ ಮಾಡಿ ಮಾತು ಶುರುಮಾಡಿದರು. ಆಗಲೇ ನನಗೆ ತಿಳಿಯಿತು. ಎದುರಿಗಿದ್ದವನನ್ನು ಬಿಟ್ಟು ಮುಖ ಬೇರೆ ಕಡೆ ತಿರುಗಿತೆಂದರೆ ಮಾತು ಕೆಟ್ಟದ್ದೇ ಎಂದು ಶೆಡ್ಡಿನಲ್ಲಿ ನಲವತ್ತು ವರ್ಷ ಕಳೆದವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಗೀತಾ ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯ ಕಡೆ ನೋಡುತ್ತ ಬಂದಳು. ನಾನು ಅವಳ ಕೈ ಹಿಡಿದುಕೊಂಡು, ಈ ವರ್ಷ ಕಬ್ಬು ಎಷ್ಟು ಎತ್ತರ ಬಂದಿದೆ ನೋಡು ಎಂದು ಹೇಳಿದೆ. ಹೇಳಿದೆ ಅಂದರೆ ಗಾಳಿ ಬಿಟ್ಟೆ. ಅವಳಿಗೆ ಕೇಳಿಸಲಿಲ್ಲ.

ಆಪರೇಷನ್ ಮಿರಜಿನ ದೊಡ್ಡ ಆಸ್ಪತ್ರೆಯಲ್ಲಿ ಆಯಿತು. ದನಿಪೆಟ್ಟಿಗೆಯನ್ನೇ ತೆಗೆದು, ಉಸಿರಾಡಲು ಕೊರಳಿನ ಬುಡದಲ್ಲಿ ಒಂದು ತೂತು ಮಾಡಿದರು. ಹಿಂದಿನ ರಾತ್ರಿ ಹೆದರಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಎಚ್ಚರಾದ ಮೇಲಿನ ಐದು ದಿನ ಅದಕ್ಕಿಂತ ಕಷ್ಟದವು. ಮೂಗಿನಲ್ಲಿ ನಳಿಕೆ, ಕೈಯಲ್ಲಿ ಸೂಜಿ. ಗೀತಾ ಮಕ್ಕಳ ಪಾಟಿ ತಂದುಕೊಟ್ಟಿದ್ದಳು. ಮಲಗಿಕೊಂಡು ಬರೆದರೆ ಅಕ್ಷರ ಇರುವೆಯ ಸಾಲಿನಂತೆ ಎತ್ತೆತ್ತಲೋ ಹೋಗುತ್ತಿತ್ತು. ನಾನು ತುಟಿಯಲ್ಲಿ ಏನೋ ಹೇಳುವುದು, ಅವಳು ನೀರೇ, ಫ್ಯಾನೇ, ನೋವೇ ಎಂದು ಒಂದೊಂದೇ ಕೇಳುವುದು, ನಾನು ಸಿಟ್ಟಿನಿಂದ ಕಣ್ಣು ಮುಚ್ಚುವುದು, ಅವಳು ಹೊರಗೆ ಹೋಗಿ ಅತ್ತು ಬರುವುದು.

ಆರನೆಯ ದಿನ ಶೆಡ್ಡಿನವರು ನೋಡಲು ಬಂದರು. ಹಿಂದೆ ಸಾವಂತ್ರೆವ್ವ, ಕೈಯಲ್ಲಿ ಒಂದು ಚೀಲ. ಮಂಚದ ಕಾಲಬಳಿ ನಿಂತು ನನ್ನ ಮುಖ ನೋಡಿದಳು. ಬಾತುಕೊಂಡ ತುಟಿಯಲ್ಲಿ ನಾನು ಏನೋ ಗೊಣಗಿದೆ. ಅವಳು ಗೀತಾಳ ಕಡೆ ತಿರುಗಿ, ಇಷ್ಟೇನು ಎಂಬಂತೆ, "ದಿಂಬಿನ ಬುಡಕ ಏನೋ ಚುಚ್ಚಾಕತ್ತೈತಂತವ್ವಾ. ನಿನ್ನೆಯಿಂದ ಹೇಳಾಕತ್ತಾರಂತ" ಎಂದಳು. ಗೀತಾ ದಿಂಬು ಎತ್ತಿದಳು. ಕೆಳಗೆ ಅವಳದೇ ತಲೆಯ ಕ್ಲಿಪ್ಪು.

ಗೀತಾ ಆ ಕ್ಲಿಪ್ಪು ಹಿಡಿದುಕೊಂಡೇ ಸಾವಂತ್ರೆವ್ವನ ಕೈ ಹಿಡಿದಳು. "ಮೌಶಿ, ಇವತ್ತು ಊರಿಗೆ ಹೋಗಬ್ಯಾಡ್ರಿ" ಎಂದಳು. ಸಾವಂತ್ರೆವ್ವ ಚೀಲದಲ್ಲಿ ಒಂದೇ ಸೀರೆ ಇದೆ ಎಂದಳು. ನನ್ನದು ಕೊಡುತ್ತೇನೆ ಎಂದಳು ಗೀತಾ. ಶೆಡ್ಡಿನವರಿಗೆಲ್ಲ ತುಟಿ ಓದಲು ಬರುತ್ತದೆ, ಆದರೆ ಅಷ್ಟು ಬಾತ ತುಟಿಯನ್ನು ಓದಿದವಳು ಇವಳೊಬ್ಬಳೇ. ಮೂವತ್ತು ವರ್ಷ ನನ್ನ ಮಗ್ಗಗಳ ಎದುರಿಗೇ ಕೂತಿದ್ದಳಲ್ಲ.

ಅಂದಿನಿಂದ ಅವಳು ನನ್ನ ದನಿ. ಡಾಕ್ಟರು ರೌಂಡಿಗೆ ಬಂದರೆ ಮಂಚದ ಆ ಬದಿ ನಿಂತು ನನ್ನ ತುಟಿ ನೋಡುತ್ತ ಒಂದೇ ಉಸಿರಿಗೆ ಹೇಳುತ್ತಿದ್ದಳು. ನಾನು ಬೈದದ್ದನ್ನು ಮಾತ್ರ ಬಿಟ್ಟು ಹೇಳುತ್ತಿದ್ದಳು. ಕೊರಳಿನ ನಳಿಕೆ ತೊಳೆಯುವುದನ್ನು ನರ್ಸಿನಿಂದ ಒಂದೇ ಸಲಕ್ಕೆ ಕಲಿತಳು. ಹರಿದ ಎಳೆ ಗಂಟು ಹಾಕುವ ಬೆರಳುಗಳು. ಕೊರಳ ತೂತಿಗೆ ಕಟ್ಟಿಕೊಳ್ಳಲು ಶೆಡ್ಡಿನ ತೆಳು ಬಟ್ಟೆ ಕತ್ತರಿಸಿ ಲಾಡಿ ಹಚ್ಚಿ ಹನ್ನೆರಡು ಹೊಲಿದಳು, ಬಣ್ಣಬಣ್ಣದವು. ಅದರ ನಂತರ ಆರು ವಾರ ಕರೆಂಟು ಹಿಡಿಸುವ ಚಿಕಿತ್ಸೆ, ಅಂದರೆ ರೇಡಿಯೇಷನ್. ಗೀತಾ ಒಂದು ವಾರ, ಅವಳು ಒಂದು ವಾರ, ಆಸ್ಪತ್ರೆಯ ಹೆಂಗಸರ ಹಾಲಿನಲ್ಲಿ ಉಳಿಯುತ್ತಿದ್ದರು. ಗಂಟಲು ಸುಟ್ಟ ಹಾಗಾಗಿ ನೀರೂ ಇಳಿಯದ ದಿನಗಳಿದ್ದವು. ಅವಳು ಗಂಜಿಯ ಬಟ್ಟಲು ಹಿಡಿದು ಎದುರಿಗೆ ಕೂತು, ಶೆಡ್ಡಿನ ಸುದ್ದಿಯನ್ನೆಲ್ಲ ದನಿಯಿಲ್ಲದೆ ತುಟಿಯಲ್ಲೇ ಹೇಳುತ್ತಿದ್ದಳು. ನಿನಗೆ ದನಿ ಇದೆಯಲ್ಲ ಎಂದರೆ, "ಇಲ್ಲಿ ಎಲ್ಲಾರೂ ಕೇಳತಾರ. ನಮ್ಮ ಮಾತು ನಮಗಿರಲಿ" ಎನ್ನುತ್ತಿದ್ದಳು.

ನಮ್ಮ ಮಾತು. ಆ ಎರಡು ಪದಕ್ಕೆ ನಾನು ಆ ದಿನ ಎರಡು ಬಟ್ಟಲು ಗಂಜಿ ಕುಡಿದೆ.

ನನ್ನ ಪಕ್ಕದ ಮಂಚದಲ್ಲಿ ಕುಡಚಿ ಕಡೆಯ ಒಬ್ಬ ಯಜಮಾನರು, ಅವರದೂ ಇದೇ ಆಪರೇಷನ್. ಅವರ ಹೆಂಡತಿಗೆ ಓದು ಬರುವುದಿಲ್ಲ. ಅವರು ಪಾಟಿಯ ಮೇಲೆ ಬೈಗುಳ ಬರೆದು ಅವಳ ಮುಂದೆ ಹಿಡಿಯುತ್ತಿದ್ದರು. ಆಕೆ ಅದನ್ನು ವಾರ್ಡಿನಲ್ಲೆಲ್ಲ ಒಯ್ದು, ಇದೇನು ಬರೆದಿದ್ದಾರೆ ಓದಿ ಹೇಳಿರಪ್ಪಾ ಎಂದು ಕೇಳುತ್ತಿದ್ದಳು. ಓದಿದವರೆಲ್ಲ, "ನೀವು ಊಟ ಮಾಡಬೇಕಂತವ್ವಾ" ಎಂದೇ ಹೇಳುತ್ತಿದ್ದರು. ನಾಲ್ಕನೆಯ ದಿನಕ್ಕೆ ಆ ಯಜಮಾನರೂ ಸೋತು, ನಿಜವಾಗಿಯೂ ಊಟ ಮಾಡು ಎಂದು ಬರೆದರು. ಅದನ್ನು ಓದಿ ಹೇಳಿದವನು ನಾನು, ಸಾವಂತ್ರೆವ್ವನ ಬಾಯಿಯಿಂದ.

ಇಲ್ಲಿಯವರೆಗಿನದು ಓದಲು ಚೆನ್ನಾಗಿದೆ. ಈಗ ಉಳಿದದ್ದು.

ಮೂವತ್ತು ವರ್ಷದ ಹಿಂದಿನ ಮಾತು. ನನಗಾಗ ಮೂವತ್ತಾರು, ಮನೆಯಲ್ಲಿ ಕಮಲವ್ವ, ತೊಟ್ಟಿಲು ಬಿಟ್ಟಿಳಿದ ಗೀತಾ. ಸಾವಂತ್ರಿಗೆ ಗಲಗಲಿಯ ಒಂದು ಮನೆಯಿಂದ ಸಂಬಂಧ ಬಂದಿತ್ತು. ಗಂಡ ಸತ್ತ ಹೆಣ್ಣಿಗೆ ಮತ್ತೆ ಮದುವೆ ಮಾಡುವಾಗ ನಮ್ಮಲ್ಲಿ ಬಾಜಾ ಭಜಂತ್ರಿ ಇರುವುದಿಲ್ಲ. ಗಂಡಿನ ಕಡೆಯವರು ತಂದ ಸೀರೆಯನ್ನು ಅವಳಿಗೆ ಉಡಿಸಿದರೆ ಅದೇ ಮದುವೆ, ಉಡಿಕೆ ಎನ್ನುತ್ತಾರೆ. ಸೀರೆ ಬಂದು ಅವಳ ಅತ್ತಿಗೆ ಬಾಳವ್ವನ ಕೈ ಸೇರಿತ್ತು. ದಿನ ಗೊತ್ತುಮಾಡುವುದಷ್ಟೇ ಬಾಕಿ. ಆ ಹೊತ್ತಿನಲ್ಲಿ ಗಂಡಿನ ಸೋದರಮಾವ ನೂಲಿನ ವ್ಯಾಪಾರಕ್ಕೆಂದು ಬನಹಟ್ಟಿಗೆ ಬಂದವನು ಹೆಣ್ಣಿನ ಬಗ್ಗೆ ಕೇಳೋಣವೆಂದು ನಮ್ಮ ಶೆಡ್ಡಿಗೆ ಬಂದ. ಅವನೂ ಹಳೆಯ ನೇಕಾರನೇ. ಬಾಗಿಲಲ್ಲಿ ನಿಂತು ತುಟಿಯಲ್ಲೇ ಕೇಳಿದ, ಹೆಣ್ಣು ಹೇಗೆ ಎಂದು.

ಸಾವಂತ್ರಿ ಇಪ್ಪತ್ತು ಹೆಜ್ಜೆ ಆಚೆ, ನಮಗೆ ಬೆನ್ನು ಹಾಕಿ ಕಂಡಿಕೆಯ ಬುಟ್ಟಿ ತುಂಬುತ್ತಿದ್ದಳು. ನಾನು ಬಾಯಿಯ ತಂಬಾಕನ್ನು ಒಂದು ಕಡೆ ಮಾಡಿಕೊಂಡು, ಹೆಣ್ಣು ಛಲೋ ಇದೆ, ಆದರೆ ಮೂರ್ಛೆರೋಗ ಇದೆ ಎಂದೆ. ಮಗ್ಗಗಳ ನಡುವೆ, ದನಿಯಿಲ್ಲದೆ. ಅವಳಿಗೆ ಅಂಥ ರೋಗ ಯಾವುದೂ ಇರಲಿಲ್ಲ. ಅವನು ತಲೆಯಾಡಿಸಿ ಹೋದ. ಎಂಟು ದಿನಕ್ಕೆ ಸೀರೆ ತಿರುಗಿ ಹೋಯಿತು. ಕಾರಣ ಹೇಳಲಿಲ್ಲ.

ಯಾಕೆ ಹಾಗೆ ಹೇಳಿದೆ ಎಂದರೆ ಬಹಳ ವರ್ಷ ನನಗೆ ನಾನೇ ಚೇಷ್ಟೆ ಎಂದು ಹೇಳಿಕೊಂಡೆ. ಚೇಷ್ಟೆಯಲ್ಲ. ಅವಳು ಹೋದರೆ ಆ ಮೂಲೆ ಖಾಲಿಯಾಗುತ್ತದೆ ಎಂಬುದನ್ನು ನನ್ನ ಮನಸ್ಸು ತಡೆದುಕೊಳ್ಳಲಿಲ್ಲ. ಅವಳ ಜೊತೆ ಒಂದು ಸಲಿಗೆಯ ಮಾತನ್ನೂ ಆಡಿದವನಲ್ಲ ನಾನು, ಕಮಲವ್ವನಿಗೆ ಮೋಸ ಮಾಡಿದವನೂ ಅಲ್ಲ. ಆದರೆ ಕೆಟ್ಟ ಮಗ್ಗದ ಕೆಳಗೆ ಮಲಗಿ ಬೋಲ್ಟು ಬಿಗಿಮಾಡುತ್ತ ಆ ಮೂಲೆಯ ಕಡೆ ನೋಡುವುದು ನನಗೆ ರೂಢಿಯಾಗಿತ್ತು. ಆ ರೂಢಿ ತಪ್ಪಬಾರದೆಂದು ಒಬ್ಬಳ ಬಾಳನ್ನೇ ತಡೆದೆ.

ಈಗ ಅವಳು ನನ್ನ ಕೊರಳ ಬಟ್ಟೆ ಬದಲಿಸುವಾಗ, ಅವಳ ಬೆರಳು ತಾಗುವಾಗ, ಎದೆ ಹೊಡೆದುಕೊಳ್ಳುತ್ತಿತ್ತು. ಅರವತ್ತಾರರಲ್ಲಿ ಹೀಗೆ ಹೊಡೆದುಕೊಳ್ಳುವುದು ಇನ್ನೊಂದು ರೋಗವೇನೋ ಎಂದು ಡಾಕ್ಟರನ್ನು ಕೇಳಬೇಕೆಂದುಕೊಂಡೆ. ಆದರೆ ಕೇಳಬೇಕಾದದ್ದು ಅವಳ ಬಾಯಿಯಿಂದಲೇ ಅಲ್ಲವೇ. ಬಿಟ್ಟೆ.

ಊರಿಗೆ ಬಂದ ಮೇಲೆ ತಿಂಗಳಿಗೊಮ್ಮೆ ತಪಾಸಣೆಗೆ ಮಿರಜಿಗೆ ಹೋಗಬೇಕಿತ್ತು. ಅವಳು ಬರುತ್ತಿದ್ದಳು. ಆ ದಿನ ಬೆಳಗಾಗುವ ಮೊದಲೇ ಎದ್ದು ಮೀಸೆ ಕತ್ತರಿಸಿಕೊಂಡು, ಯಾವ ಬಣ್ಣದ ಬಟ್ಟೆ ಕಟ್ಟಲಿ ಎಂದು ಕನ್ನಡಿಯ ಮುಂದೆ ನಿಲ್ಲುತ್ತಿದ್ದೆ. ಹೊಸ ಮದುಮಗ ಇಷ್ಟು ಹೊತ್ತು ನಿಲ್ಲುವುದಿಲ್ಲ. ಬಸ್‌ಸ್ಟ್ಯಾಂಡಿಗೆ ಅರ್ಧ ತಾಸು ಮೊದಲೇ ಹೋಗಿ, ಆಟೋದಿಂದ ಇಳಿಯುವ ಪ್ರತಿಯೊಂದು ಸೀರೆಯನ್ನೂ ನೋಡುತ್ತಿದ್ದೆ. ಕೊರಳಲ್ಲಿ ತೂತಿದ್ದವನಿಗೆ ಉಸಿರು ಜೋರಾದರೆ ಬಟ್ಟೆ ಪಟಪಟ ಹಾರುತ್ತದೆ. ಅವಳು ಇಳಿದು ಬರುವಾಗ ಅದನ್ನು ಕೈಯಿಂದ ಒತ್ತಿ ಹಿಡಿದುಕೊಂಡು ನಿಲ್ಲುತ್ತಿದ್ದೆ.

ಎರಡನೆಯ ತಪಾಸಣೆಗೆ ಹೋದಾಗ ಕಾಯುವ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳಿಗೆ ನನ್ನ ಎದುರಿನ ಬೆಂಚಿನಲ್ಲಿ ಜಾಗ ಸಿಕ್ಕಿತು. ಅದೇ ಒಳ್ಳೆಯದಾಯಿತು. ಸುತ್ತ ಎಪ್ಪತ್ತು ಜನ, ಗದ್ದಲ. ಅದರ ನಡುವೆ ಅವಳ ಕಣ್ಣಿಗೆ ಕಣ್ಣು ಕೊಟ್ಟು ತುಟಿಯಲ್ಲಿ ಕೇಳಿಬಿಟ್ಟೆ, ನನ್ನ ಜೊತೆ ಉಡಿಕೆ ಮಾಡಿಕೊಳ್ಳುತ್ತೀಯೇನು ಎಂದು. ಅಷ್ಟರಲ್ಲಿ ಒಬ್ಬಾಕೆ ದೊಡ್ಡ ಚೀಲ ಹೊತ್ತುಕೊಂಡು ನಡುವೆ ದಾಟಿದಳು. ಅರ್ಧ ಮಾತು ಅವಳ ಚೀಲಕ್ಕೆ ಬಡಿದು ಬಿತ್ತು. ಸಾವಂತ್ರಿ ಏನು ಎಂದು ಹುಬ್ಬು ಎತ್ತಿದಳು. ಇನ್ನೊಮ್ಮೆ ಕೇಳಬೇಕಾಯಿತು, ಎರಡನೆಯ ಸಲ ಧೈರ್ಯ ಅರ್ಧಕ್ಕಿಳಿದಿತ್ತು.

ಅವಳೂ ತುಟಿಯಲ್ಲೇ ಉತ್ತರ ಕೊಟ್ಟಳು. "ಹುಚ್ಚ ಹಿಡದೈತೇನ್ರಿ ಜಾಬರ್ರ? ನನಗ ಐವತ್ತೇಳು."

"ನನಗ ಅರವತ್ತಾರು. ಕೊರಳಾಗ ತೂತು ಬ್ಯಾರೆ."

ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ಏನೋ ಅಂದಳು. ಸೆರಗು ಅಡ್ಡ ಬಂದರೆ ನಮ್ಮ ಭಾಷೆ ಸತ್ತಂತೆ. ಸೆರಗು ತೆಗಿ, ಕಾಣಿಸಲಿಲ್ಲ ಎಂದೆ. ತೆಗೆದಳು. ಮುಖ ಕೆಂಪಾಗಿತ್ತು, ಆದರೆ ನಗು ಹೋಗಿತ್ತು.

"ಒಮ್ಮಿ ಸೀರಿ ತಿರುಗಿ ಹೋಗೈತ್ರಿ. ಬಾಳವ್ವ ಏನ ಹಚ್ಚಿಕೊಟ್ಟಳೋ, ಮನಿಗೆಲಸಕ್ಕ ಕೈ ಕಡಿಮಿ ಆಗತೈತಂತ. ಅವತ್ತಿಂದ ಅಕಿ ಕೈಯಾಗಿಂದು ನೀರು ಮುಟ್ಟಿಲ್ಲ ನಾ. ಇನ್ನೊಮ್ಮಿ ತಿರುಗಿ ಹೋದ್ರ ತಾಳೂದಿಲ್ಲ. ನಿಮ್ಮಾಗ ಮುಚ್ಚಿಟ್ಟದ್ದು ಏನರ ಇದ್ರ ಈಗ ಹೇಳ್ರಿ."

ಬಾಳವ್ವನ ಮನೆ ಬಿಟ್ಟು ಅವಳು ಅದೇ ಓಣಿಯಲ್ಲಿ ಬೇರೆ ಖೋಲಿ ಮಾಡಿಕೊಂಡಿದ್ದು ನನಗೆ ಗೊತ್ತಿತ್ತು. ಅದು ನನ್ನ ಮಾತಿನಿಂದ ಎಂದು ಗೊತ್ತಿರಲಿಲ್ಲ. ಒಂದು ಮಾತಿನಿಂದ ನಾನು ಎರಡು ಮನೆ ಒಡೆದಿದ್ದೆ. ಹೇಳಬೇಕೆಂದು ತುಟಿ ತೆರೆದೆ. ಆಮೇಲೆ ಮುಖ ಬಾಗಿಲ ಕಡೆ ತಿರುಗಿಸಿಬಿಟ್ಟೆ. ಅದೇ ಹೊತ್ತಿಗೆ ನರ್ಸು ನನ್ನ ಹೆಸರು ಕೂಗಿದಳು. ಆ ದನಿ ಕೇಳಿ ನಾನು ತಿರುಗಿದೆನೆಂದು ಸಾವಂತ್ರಿ ತಿಳಿದಳು. ನಾನೂ ಹಾಗೆಯೇ ತಿಳಿಯಲಿ ಎಂದು ಬಿಟ್ಟೆ.

ಬರುವಾಗ ಬಸ್ಸಿನಲ್ಲಿ ಅವಳು, "ಆತು, ನೋಡೂಣು" ಎಂದಳು. ನಮ್ಮ ಕಡೆ ಹೆಣ್ಣಾದವಳು "ನೋಡೋಣ" ಎಂದರೆ ಒಪ್ಪಿದಂತೆಯೇ.

ಗೀತಾ ಸುದ್ದಿ ಕೇಳಿ ಮುಧೋಳದಿಂದ ಅದೇ ದಿನ ಓಡಿಬಂದಳು. ಅವಳು ಬೈಯುತ್ತಾಳೆಂದು ಹೆದರಿದ್ದೆ. ಅವಳು, ಯಾವ ಬಣ್ಣದ ಸೀರೆ ಎಂದು ಕೇಳಿದಳು. ನಾನೇ ಮಗ್ಗದ ಮೇಲೆ ಹಾಸುನೂಲಿನ ಬೀಮು ಏರಿಸಿ ನೇಯುತ್ತೇನೆ ಎಂದು ಪಾಟಿಯ ಮೇಲೆ ಬರೆದೆ. ಹದಿನೈದು ದಿನ ನನ್ನಷ್ಟು ಸುಖಿ ಈ ತಾಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ. ಗಂಜಿ ಬಿಟ್ಟು ಮೆತ್ತಗಿನ ರೊಟ್ಟಿ ಹಾಲಿನಲ್ಲಿ ನೆನೆಸಿ ತಿಂದೆ. ಸುಖ ಹೆಚ್ಚಿದಷ್ಟೂ ಆ ಹಳೆಯ ಮಾತು ಎದೆಯಲ್ಲಿ ಭಾರವಾಯಿತು. ಹೇಳಿದರೆ ಅವಳು ಹೋಗುತ್ತಾಳೆ. ಹೇಳದಿದ್ದರೆ ಅವಳು ಉಡುವುದು ಸುಳ್ಳಿನ ಸೀರೆ. ಇನ್ನೂ ಒಂದಿತ್ತು: ಬಾಳವ್ವ ಎಪ್ಪತ್ತು ದಾಟಿದ ಮುದುಕಿ, ಮಾಡದ ತಪ್ಪಿಗೆ ನಾದಿನಿಯ ಮುನಿಸು ಹೊತ್ತುಕೊಂಡು ಕೂತಿದ್ದಾಳೆ.

ಸೀರೆಯ ಅರ್ಧ ನೇಯ್ದಾಗಿತ್ತು. ಒಂದು ಮಧ್ಯಾಹ್ನ ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಎಲ್ಲರೂ ಚಹಾಕ್ಕೆ ಹೊರಗೆ ಹೋದರು. ಸಾವಂತ್ರಿ ತನ್ನ ಮೂಲೆಯಲ್ಲೇ ಇದ್ದಳು. ನಾನು ಹೋಗಿ ಎದುರಿಗೆ ನೆಲದ ಮೇಲೆ ಕೂತು, ಈ ಸಲ ಮುಖ ತಿರುಗಿಸದೆ, ಎಲ್ಲವನ್ನೂ ಹೇಳಿದೆ. ಯಾರು ಬಂದದ್ದು, ಏನು ಕೇಳಿದ್ದು, ನಾನು ಏನು ಹೇಳಿದ್ದು, ಯಾಕೆ ಹೇಳಿದ್ದು.

ಅವಳು, "ಇನ್ನೊಮ್ಮಿ ಹೇಳ್ರಿ" ಎಂದಳು. ಹೇಳಿದೆ. "ಇನ್ನೊಮ್ಮಿ." ಮೂರನೆಯ ಸಲ ಹೇಳುವಾಗ ನನ್ನ ತುಟಿ ನಡುಗಿ ಅಕ್ಷರ ಕೂಡಲಿಲ್ಲ. ಆದರೂ ಅವಳು ಕೊನೆಯವರೆಗೆ ನೋಡಿದಳು. ಕೈಯಲ್ಲಿದ್ದ ಕಂಡಿಕೆಯನ್ನು ಬುಟ್ಟಿಯಲ್ಲಿಟ್ಟು, ಚಪ್ಪಲಿ ಹಾಕಿಕೊಂಡು ಹೋದಳು. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಶೆಡ್ಡಿಗೆ ಬರಲಿಲ್ಲ. ಮೂರನೆಯ ದಿನವೂ ಇಲ್ಲ. ನಾಲ್ಕನೆಯ ದಿನ, ಹೋದ ತಪಾಸಣೆಯಲ್ಲಿ ತೆಗೆದ ಸ್ಕ್ಯಾನಿನ ರಿಪೋರ್ಟು ತರಲು ಗೀತಾಳ ಜೊತೆ ಮಿರಜಿಗೆ ಹೋದೆ. ನಡೆದದ್ದನ್ನು ಬಸ್ಸಿನಲ್ಲಿ ಪಾಟಿಯ ಮೇಲೆ ಬರೆದು ತೋರಿಸಿದೆ. ಓದಿ ಅವಳೇ ಒರೆಸಿದಳು. "ಅವ್ವಗರ ಗೊತ್ತಿತ್ತೇನಪ್ಪಾ?" ಎಂದಷ್ಟೇ ಕೇಳಿದಳು. ಇಲ್ಲ ಎಂದು ತಲೆಯಾಡಿಸಿದೆ. ಕುಡಚಿ ದಾಟುವವರೆಗೆ ಆ ಪಾಟಿಯನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರು ರಿಪೋರ್ಟು ನೋಡಿ, ಈ ಸಲ ನೇರವಾಗಿ ನನ್ನ ಮುಖಕ್ಕೇ ಹೇಳಿದರು: ಎಲ್ಲಿಯೂ ರೋಗದ ಗುರುತಿಲ್ಲ. ಗೀತಾ ಅತ್ತಳು. ನಾನು ಎದುರಿನ ಖಾಲಿ ಬೆಂಚನ್ನು ನೋಡಿದೆ. ಅಷ್ಟು ದೊಡ್ಡ ಸುದ್ದಿಯನ್ನು ತುಟಿಯಲ್ಲಿ ಹೇಳಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

ಐದನೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ಸಾವಂತ್ರಿ. ಕೂರಲಿಲ್ಲ.

"ಏಳ್ರಿ. ಬಾಳವ್ವನ ಮನಿಗೆ ಹೋಗೂಣು. ಅಕಿ ಮುಂದ ನೀವ ಹೇಳಬೇಕು."

ನಾನು ಪಾಟಿ ತೆಗೆದುಕೊಂಡೆ. ಅದನ್ನು ಕಸಿದು ಮಂಚದ ಮೇಲಿಟ್ಟಳು. ಬಾಳವ್ವನಿಗೆ ಓದು ಬರುವುದಿಲ್ಲ, ಈಗ ಕಣ್ಣೂ ಮಂಜಾಗಿ ತುಟಿ ಕಾಣುವುದಿಲ್ಲ. "ನಾ ಹೇಳತೇನಿ, ನೀವು ಆಡ್ರಿ" ಎಂದಳು.

ಅವಳ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಓಣಿಯಲ್ಲಿ ನಡೆದೆ. ಮಿರಜಿನಲ್ಲಿ ಸ್ಟ್ರೆಚರಿನ ಮೇಲೆ ಹೋದಾಗ ಇಷ್ಟು ಹೆದರಿರಲಿಲ್ಲ. ಬಾಳವ್ವ ಕಟ್ಟೆಯ ಮೇಲೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಮೂವತ್ತು ವರ್ಷದಿಂದ ಹೊಸ್ತಿಲು ತುಳಿಯದ ನಾದಿನಿ ಕಟ್ಟೆ ಹತ್ತಿ ಬಂದದ್ದು ನೋಡಿ ಸೊಪ್ಪು ಕೈಯಲ್ಲೇ ಉಳಿಯಿತು. ಸಾವಂತ್ರಿ ಅವಳ ಪಕ್ಕದಲ್ಲಿ ಕೂತು, ನನ್ನನ್ನು ಬೆಳಕಿನಲ್ಲಿ ಎದುರಿಗೆ ಕೂರಿಸಿದಳು. ನಾನು ತುಟಿ ಆಡಿಸಿದೆ. ಅವಳು ದನಿ ಕೊಟ್ಟಳು.

ಆಸ್ಪತ್ರೆಯಲ್ಲಿ ಯಾವಾಗಲೂ ಅವರು ಹೀಗಂತಾರೆ, ಹಾಗಂತಾರೆ ಎನ್ನುತ್ತಿದ್ದವಳು, ಅವತ್ತು ನಾನು ಎಂದೇ ಹೇಳಿದಳು.

"ಬಾಳವ್ವಾ, ಸಾವಂತ್ರಿಗೆ ಮೂರ್ಛಿರೋಗ ಐತಿ ಅಂತ ಗಲಗಲಿಯವರ ಮುಂದ ನಾನ ಹೇಳಿದ್ದೆ. ಸುಳ್ಳು ಹೇಳಿದ್ದೆ. ಅದಕ್ಕ ಸೀರಿ ತಿರುಗಿ ಹೋತು. ನೀ ಏನೂ ಮಾಡಿದಾಕಿ ಅಲ್ಲ."

ತನ್ನ ಮೇಲೆ ಬಿದ್ದ ಸುಳ್ಳನ್ನು ತನ್ನದೇ ದನಿಯಲ್ಲಿ, ನನ್ನ ಪರವಾಗಿ, ಒಂದು ಅಕ್ಷರ ಬಿಡದೆ ಹೇಳಿದಳು. ನನ್ನ ತುಟಿ ನಿಂತ ಕಡೆ ಅವಳ ದನಿಯೂ ನಿಂತಿತು. ದನಿ ಕಳೆದುಕೊಂಡದ್ದಕ್ಕೆ ಒಂದು ಸಲವೂ ಅಳದವನು ಆ ಕಟ್ಟೆಯ ಮುಂದೆ ಅತ್ತೆ. ನನ್ನ ಅಳುವಿಗೂ ಸದ್ದಿಲ್ಲ. ಕೊರಳಿನ ಬಟ್ಟೆ ಮಾತ್ರ ಹಾರುತ್ತಿತ್ತು.

ಬಾಳವ್ವ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು. ಆಮೇಲೆ ನನ್ನ ಕಡೆ ನೋಡಲೂ ಇಲ್ಲ, ಸಾವಂತ್ರಿಗೆ ಹೇಳಿದಳು, "ಮೂವತ್ತು ವರ್ಷ ನನ್ನ ಕೈಯಾಗಿಂದು ಚಾ ಕುಡಿದಿಲ್ಲ ನೀ. ಈಗ ಇಟ್ಟರ ಕುಡಿತಿಯೋ ಇಲ್ಲೋ, ಅಷ್ಟು ಹೇಳು ಮೊದಲ."

"ಇಡು. ಸಕ್ರಿ ಜಾಸ್ತಿ ಹಾಕು."

ಇಬ್ಬರೂ ಒಳಗೆ ಹೋದರು. ಒಳಗೆ ಪಾತ್ರೆಯ ಸದ್ದು, ಅಳು, ಆಮೇಲೆ ಬೈಗುಳ. ಬೈಗುಳದಲ್ಲಿ ನನ್ನ ಹೆಸರು ಆಗಾಗ ಬರುತ್ತಿತ್ತು. ನಾನು ಹೊರಗೆ ಕೂತು ಬಾಳವ್ವ ಬಿಟ್ಟುಹೋದ ಸೊಪ್ಪು ಬಿಡಿಸಿದೆ. ಬಂದಾಗ ಬಾಳವ್ವ ನನ್ನ ಕೈಗೂ ಒಂದು ಬಟ್ಟಲು ಚಹಾ ಕೊಟ್ಟಳು, ಆರಿಸಿ. "ಕುಡಿಯೋ. ಬಾಯಿಗೆ ದೇವರು ಕೀಲಿ ಜಡದಾನ, ಕೀಲಿಕೈ ನೋಡಿದ್ರ ಇಕಿ ಕೈಯಾಗ ಕೊಟ್ಟಾನ. ಇಕಿ ತಗಿಲಿಲ್ಲಂದ್ರ ಮುಗೀತು ನಿನ್ನ ಕತಿ."

ಹೊರಗೆ ಓಣಿಯಲ್ಲಿ ನಾನು ಸಾವಂತ್ರಿಯ ಎದುರಿಗೆ ನಿಂತು, ಕ್ಷಮಿಸುತ್ತೀಯಾ ಎಂದು ಕೇಳಿದೆ.

"ಅದೆಲ್ಲ ನನಗ ಗೊತ್ತಾಗೂದಿಲ್ರಿ. ಮೂರು ದಿನ ನಿಮ್ಮನ್ನ ಬೈದು ಬೈದು ಸಾಕಾತು. ನಾಕನೇ ರಾತ್ರಿ ಸ್ಕ್ಯಾನು ಏನಾತೋ ಅಂತ ನಿದ್ದಿ ಬರಲಿಲ್ಲ. ಒಂದ ಮಾತು. ಇನ್ನ ಮ್ಯಾಲೆ ನನ್ನ ಮುಂದ ಮುಖ ತಿರುವಬಾರದು. ಛಲೋ ಮಾತಿರಲಿ, ಕೆಟ್ಟ ಮಾತಿರಲಿ."

ಸ್ಕ್ಯಾನಿನ ಸುದ್ದಿಯನ್ನು ಅಲ್ಲೇ ನಡುಓಣಿಯಲ್ಲಿ, ಮುಖ ತಿರುಗಿಸದೆ ಹೇಳಿದೆ. ಅವಳು ಎರಡು ಸಲ ಹೇಳಿಸಿಕೊಂಡಳು.

ಮರುದಿನದಿಂದ ಸೀರೆಯನ್ನು ಮತ್ತೆ ನೇಯಲು ಹತ್ತಿದೆ. ಕೈ ಅವಸರ ಮಾಡಿತೋ, ಸಂತೋಷ ಹೆಚ್ಚಾಯಿತೋ, ಸೆರಗಿನ ಹತ್ತಿರ ಒಂದು ಎಳೆ ತಪ್ಪಿತು. ನಲವತ್ತು ವರ್ಷದ ಜಾಬರ್‌ನ ಕೈಯಿಂದ. ಬಿಚ್ಚಿ ನೋಡಿದ ಸಾವಂತ್ರಿಯ ಬೆರಳು ಮೊದಲು ಅದೇ ಜಾಗಕ್ಕೆ ಹೋಯಿತು. ಇನ್ನೊಂದು ನೇಯುತ್ತೇನೆ ಎಂದೆ. ಬೇಡ, ಅಷ್ಟು ದಿನ ಕಾಯಲು ತನಗಾಗುವುದಿಲ್ಲ ಎಂದಳು. ಅವಳು ಕಾಯಲಾರೆ ಎಂದದ್ದು ನನಗೆ ಆ ಸ್ಕ್ಯಾನಿನ ರಿಪೋರ್ಟಿಗಿಂತ ದೊಡ್ಡ ಸುದ್ದಿ. ಶ್ರಾವಣದ ಒಂದು ಸೋಮವಾರ, ಗೀತಾ, ಅವಳ ಗಂಡ ಮಕ್ಕಳು, ಶೆಡ್ಡಿನವರು, ಪೂಜೆಯ ಅಯ್ಯನವರು, ಇಷ್ಟೇ ಜನ. ಮೂವತ್ತು ವರ್ಷದ ಹಿಂದೆ ಸೀರೆಯನ್ನು ತಿರುಗಿ ಕೊಟ್ಟ ಅದೇ ಕೈಯಿಂದ ಬಾಳವ್ವ ಈ ಸೀರೆಯನ್ನು ಉಡಿಸಿದಳು. ಕಣ್ಣು ಮಂಜಾಗಿದ್ದರಿಂದ ನಿರಿಗೆ ಸೊಟ್ಟವಾಯಿತು. ಯಾರೂ ಸರಿಪಡಿಸಲಿಲ್ಲ.

ಕೊರಳಿಗೆ ಬಟ್ಟೆ ಕಟ್ಟಿಕೊಂಡವರಿಗೆ ಎರಡು ಮಾತು. ಸ್ನಾನ ಮಾಡುವಾಗ ನೀರು ತೂತಿಗೆ ಹೋಗದಂತೆ ನೋಡಿಕೊಳ್ಳಿ. ಸೀನು ಬಂದರೆ ಬಾಯಿಗಲ್ಲ, ಕೊರಳಿಗೆ ಕೈ ಅಡ್ಡ ಹಿಡಿಯಿರಿ. ನನಗೆ ಇದು ರೂಢಿಯಾಗಲು ಎರಡು ತಿಂಗಳು ಬೇಕಾಯಿತು, ಅಷ್ಟರಲ್ಲಿ ಮೊಮ್ಮಕ್ಕಳು ಬಿದ್ದು ಬಿದ್ದು ನಕ್ಕರು. ಹೇಳಲೇಬೇಕಾದ ಮಾತು ಏನಾದರೂ ಉಳಿದಿದ್ದರೆ ದನಿ ಇರುವಾಗಲೇ ಹೇಳಿಬಿಡಿ. ಇಲ್ಲವಾದರೂ ಹೇಳಬಹುದು, ಎದುರಿಗೆ ಕೂತು ನೋಡುವವರೊಬ್ಬರು ಬೇಕು.

ಸಾವಂತ್ರಿಗೆ ಅಕ್ಷರ ಬರುವುದಿಲ್ಲ. ಅದಕ್ಕೇ ಬರೆದದ್ದನ್ನೆಲ್ಲ ದಿನವೂ ಸಂಜೆ ಅವಳ ಎದುರು ತುಟಿಯಲ್ಲಿ ಓದಿ ಹೇಳುತ್ತೇನೆ. ತಾನು ಮಿರಜಿನ ಹಾಲಿನಲ್ಲಿ ಕೆಂಪಾಗಿರಲಿಲ್ಲ, ಅದು ಸೆಕೆ, ಅದನ್ನು ತೆಗೆಯಿರಿ ಎಂದು ನಿನ್ನೆಯಿಂದ ಜಗಳ ತೆಗೆದಿದ್ದಾಳೆ. ನಾನು ತೆಗೆದಿಲ್ಲ. ಈಗಲೂ ಎದುರಿಗೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಾಳೆ. ನಾನು ತಲೆ ಬಗ್ಗಿಸಿ ಬರೆಯುತ್ತಿರುವುದರಿಂದ ಅವಳಿಗೆ ನನ್ನ ತುಟಿ ಕಾಣುತ್ತಿಲ್ಲ.

"ಎಷ್ಟೊತ್ತು ಬರೀತೀರಿ? ಮುಖ ಎತ್ತರಿ" ಎನ್ನುತ್ತಿದ್ದಾಳೆ.

ಎತ್ತುತ್ತಿದ್ದೇನೆ.